ತ್ರಿಭುವನಮಲ್ಲನಿಗೆ ಜರಿ ರುಮಾಲು

ಸುರಪುರ
ವಿಕ್ರಮ ಸಂವತ್ಸರ, ಪುಷ್ಯ ಶುದ್ಧ ದಶಮಿ

ಬಸವಂತ್ರಾಯಣ್ಣನಿಗೆ ತಂಗಿ ಸುಗಲಮ್ಮ ಕಾಲು ಮುಟ್ಟಿ ಬರೆಯುವುದು. ಅವ್ವ ಆರಾಮ ಇದ್ದಾಳೆ, ನಾನು ಆರಾಮ ಇದ್ದೇನೆ, ಎಮ್ಮೆ ಈದಿದೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಈಗ ನಿಜವಾದ ಸಮಾಚಾರ ಕೇಳು.

ನಮ್ಮ ಮಲ್ಕಪ್ಪಮಾವನ ದನದ ಕೊಟ್ಟಿಗೆಯಲ್ಲಿ ಚಕ್ರವರ್ತಿ ಬಂದು ಇಳಿದಿದ್ದಾನೆ. ಭಾರತ ಹುಣ್ಣಿಮೆಗೆ ಆಟ ಇದೆ ಅಣ್ಣಾ, ದೊಡ್ಡಾಟ. ಪಾಂಡವರದಲ್ಲ, ರಾವಣಂದಲ್ಲ. ಸುಲ್ತಾನಸಾಬ ಮಾಸ್ತರರು ಹೊಸದೇ ಕಟ್ಟಿದ್ದಾರೆ. ಕಲ್ಯಾಣದಲ್ಲಿ ಕೂತು ನರ್ಮದೆಯಿಂದ ಕಾವೇರಿಯವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ವಿಕ್ರಮಾದಿತ್ಯನ ಆಟ. ವಿಕ್ರಮ ಸಂವತ್ಸರದಲ್ಲಿ ವಿಕ್ರಮನ ಆಟ ಆಡದೆ ಮತ್ತೆ ಅರವತ್ತು ವರ್ಷ ಕಾಯಬೇಕೇನು ಎಂದು ಅವರ ವಾದ. ಮಾವ ಆ ಒಂದು ಮಾತಿಗೇ ಸೋತು ಕೊಟ್ಟಿಗೆ ಬಿಟ್ಟುಕೊಟ್ಟ. ಈಗ ಎತ್ತುಗಳು ಅಂಗಳದಲ್ಲಿ, ಚಾಲುಕ್ಯರು ಒಳಗೆ.

ಇದರಲ್ಲಿ ನನಗೂ ಕೆಲಸ ಸಿಕ್ಕಿದೆ. ಮಾಸ್ತರರಿಗೆ ಆಟವೆಲ್ಲ ಬಾಯಲ್ಲಿದೆ, ಆದರೆ ಅವರಿಗೆ ಬರೆಯಲು ಬರುವುದು ಉರ್ದು. ಅವರು ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದು ಒಬ್ಬೊಬ್ಬರ ಪಾತ್ರದ ಮಾತು ಬೇರೆ ಬೇರೆ ಹಾಳೆಗೆ ಇಳಿಸುತ್ತೇನೆ. ಷಹಾಪುರದಲ್ಲಿ ಅತ್ತೆಯ ಮನೆಯಲ್ಲಿಟ್ಟು ನನ್ನನ್ನು ಕನ್ನಡ ಸಾಲೆಗೆ ಕಳಿಸಿದಾಗ ಊರೆಲ್ಲ ಅಪ್ಪನನ್ನು ನೋಡಿ ನಕ್ಕಿತ್ತಲ್ಲ, ಈಗ ಅದೇ ಊರು ತನ್ನ ಪಾತ್ರದ ಹಾಳೆಗೆ ನಮ್ಮ ಮನೆ ಕಟ್ಟೆಗೆ ಬಂದು ನಿಲ್ಲುತ್ತಿದೆ. ಮುಯ್ಯಿ ತೀರಿತು.

ದರಬಾರಿನ ಸೊಗಸು ಏನು ಹೇಳಲಿ. ಮಾಸ್ತರರು ಒಮ್ಮೆ ಹೈದರಾಬಾದಿಗೆ ಹೋಗಿ ನಿಜಾಮರ ದರಬಾರಿಗೆ ಹೋಗುವ ಸರದಾರರನ್ನು ದೂರದಿಂದ ನೋಡಿ ಬಂದವರು. ಹಾಗಾಗಿ ನಮ್ಮ ಕಲ್ಯಾಣದಲ್ಲಿ ಸಾಮಂತರೆಲ್ಲ ನೆಲಕ್ಕೆ ಬಾಗಿ ಸಲಾಮು ಹೊಡೆಯುತ್ತ ಹಿಂದೆ ಹಿಂದೆ ಹೋಗುತ್ತಾರೆ. ನಿನ್ನೆ ಒಬ್ಬ ಸಾಮಂತ ಹಿಂದೆ ಹಿಂದೆ ಹೋಗಿ ದನಕ್ಕೆ ಮೇವು ಹಾಕುವ ಗ್ವಾದಲಿಯಲ್ಲಿ ಬಿದ್ದ. ಚಾಲುಕ್ಯರ ಕಾಲಕ್ಕೆ ಸಲಾಮು ಎಲ್ಲಿತ್ತು ಎಂದು ನಾನು ಕೇಳಿದೆ. “ಇರಲಿಲ್ಲ ಅಂತ ನಿನಗ ಯಾರು ಹೇಳ್ಯಾರ ಬೇಟಿ, ನೀ ನೋಡಿದ್ದೇನು?” ಎಂದರು. ಸಲಾಮನ್ನೂ ಹಾಳೆಗೆ ಇಳಿಸಿದೆ.

ಚಕ್ರವರ್ತಿಯ ಪಾತ್ರ ನಿನ್ನ ಗೆಳೆಯ ಕಕ್ಕೇರಿ ದ್ಯಾವಪ್ಪನದು. ಅವನು ಕೆಮ್ಮಿದರೆ ರಂಗಂಪೇಟೆಗೆ ಕೇಳಿಸುತ್ತದೆ ಎಂದೇ ಅವನನ್ನು ಆರಿಸಿದ್ದು. ಅವನ ಮುಂದೆ ಬೆತ್ತ ಹಿಡಿದು ಬಿರುದು ಹೊಗಳುವವನು ಷಹಾಪುರದ ಮೌನಪ್ಪ. ನಮ್ಮ ಪೈಕಿಯವನೇ, ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಸಂಜೆ ಅಂಗಡಿ ಮುಚ್ಚಿ ಸೈಕಲ್ ತುಳಿದು ಇಲ್ಲಿಗೆ ಬರುತ್ತಾನೆ, ಅಷ್ಟು ದೂರದಿಂದ, ಇಷ್ಟೇ ಹೇಳಲಿಕ್ಕೆ: “ಸಮಸ್ತ ಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯ ಕುಲತಿಲಕ, ಚಾಲುಕ್ಯಾಭರಣ, ಶ್ರೀಮತ್ ತ್ರಿಭುವನಮಲ್ಲದೇವ ಬರುತ್ತಿದ್ದಾರೆ ಪರಾಕ್.” ಒಂದೇ ಉಸಿರಿನಲ್ಲಿ ಹೇಳುತ್ತಾನೆ ಅಣ್ಣಾ. ಕೇಳಿದರೆ ಮೈ ಝುಂ ಅನ್ನುತ್ತದೆ. ಆಮೇಲೆ ದ್ಯಾವಪ್ಪ ಬರುತ್ತಾನೆ.

ಇನ್ನೊಂದು ಮಾತು. ಹೋದ ಸಲ ಬಂದಾಗ ನನ್ನನ್ನು ದ್ಯಾವಪ್ಪನಿಗೆ ಕೊಡುವ ಮಾತು ಎತ್ತಿದ್ದೆ. ಅದು ನನಗೆ ಬೇಡ. ಮನುಷ್ಯ ಕೆಟ್ಟವನಲ್ಲ. ಆದರೆ ಅವನು ಮಾತಾಡುವಾಗ ನಾನು ಎದುರಿಗಿದ್ದರೂ ಒಂದೇ, ಗೋಡೆ ಇದ್ದರೂ ಒಂದೇ. ಹೇಳಿದ್ದೇನೆ, ತಿಳಿದುಕೋ. ಹುಣ್ಣಿಮೆಗೆ ರಜಾ ತೆಗೆದುಕೊಂಡು ಬಾ.

ನಿನ್ನ ತಂಗಿ
ಸುಗಲಮ್ಮ

—

ಯಾದಗಿರಿ
೧೦ ಇಸ್ಫಂದಾರ ೧೩೫೦ ಫಸಲಿ

ಚಿ. ಸುಗಲಮ್ಮಳಿಗೆ ಅಣ್ಣನ ಆಶೀರ್ವಾದ. ಪತ್ರ ಮುಟ್ಟಿತು. ಎಮ್ಮೆ ಹೆಣ್ಣುಕರು ಹಾಕಿತೋ ಗಂಡುಕರುವೋ ಬರೆದಿಲ್ಲ. ಬರೆಯುವವಳು ಬೇಕಾದದ್ದು ಬಿಟ್ಟು ಎಲ್ಲ ಬರೆಯುತ್ತೀ.

ನಿನ್ನ ಪತ್ರವನ್ನು ಇಲ್ಲಿ ಗಿರಣಿಯಲ್ಲಿ ಊಟದ ಹೊತ್ತಿಗೆ ಓದಿದೆ. ನಮ್ಮ ಕಡೆಯ ಹಮಾಲರು ಸುತ್ತ ಕೂತು ಕೇಳಿದರು. ಬಿರುದಾವಳಿ ಬಂದಾಗ ಒಬ್ಬ ಎದ್ದು ನಿಂತ. ಇನ್ನೊಮ್ಮೆ ಓದು ಎಂದರು, ಓದಿದೆ. ಸೇಠ್ ಬಂದು ಅರಳೆ ಯಾರು ತೂಗಬೇಕು ಎಂದು ಕೂಗುವವರೆಗೆ ನಾವೆಲ್ಲ ಕಲ್ಯಾಣದಲ್ಲಿದ್ದೆವು.

ಬರಲು ನನಗೆ ಆಸೆ ಇಲ್ಲವೇನು? ಆದರೆ ಇದು ಸುಗ್ಗಿ. ಬಂಡಿಗಳು ಸ್ಟೇಶನ್ನಿನವರೆಗೆ ಸಾಲುಗಟ್ಟಿ ನಿಂತಿವೆ. ಲೆಕ್ಕ ಬರೆಯುವ ಮುನಸಿ ಆದವನು ಒಂದು ದಿನ ಕಾಣದಿದ್ದರೆ ಸೇಠ್ ಮರುದಿನ ಬೇರೆ ಮುನಸಿಯನ್ನು ಕಾಣುತ್ತಾನೆ. ರಜಾ ಕೇಳಿದೆ, “ನಿಮ್ಮ ಚಕ್ರವರ್ತಿಗಿ ಹೇಳು, ಅರಳಿ ಮುಗದ ಮ್ಯಾಲ ಪಟ್ಟಕ್ಕ ಕೂಡಂತ” ಎಂದ. ಮಂದಿಯೆಲ್ಲ ನಕ್ಕರು.

ದ್ಯಾವಪ್ಪನ ಮಾತು. ನೀನು ಚಿಕ್ಕವಳು, ನಿನಗೆ ಗೊತ್ತಾಗುವುದಿಲ್ಲ. ಅವನೂ ನಾನೂ ಒಂದೇ ಗರಡಿಯ ಮಣ್ಣು ಹಚ್ಚಿಕೊಂಡವರು. ಕಕ್ಕೇರಿಯಲ್ಲಿ ನೀರಾವರಿ ಹೊಲ ಇದೆ, ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಅಪ್ಪ ಹೋದ ಮೇಲೆ ನಿನ್ನನ್ನು ಒಂದು ದಡ ಮುಟ್ಟಿಸಬೇಕಾದವನು ನಾನು. ಮಾತಿಗೆ ಮಾತು ಬೆಳೆಸದ ಗಂಡ ಸಿಕ್ಕರೆ ನಿನಗೇ ಒಳ್ಳೆಯದು, ಮನೆಯಲ್ಲಿ ಮಾತಾಡಲು ನೀನೊಬ್ಬಳು ಸಾಕು. ಅವರಪ್ಪನ ಕಿವಿಗೆ ಇನ್ನೂ ಹಾಕಿಲ್ಲ. ಸಮಯ ನೋಡಿ ಹಾಕುತ್ತೇನೆ.

ಸೈಕಲ್ಲಿನವನ ಉಸಿರಿನ ಬಗ್ಗೆ ಬಹಳ ಬರೆದಿದ್ದೀ. ಗಾಳಿ ತುಂಬುವುದು ಅವನ ಕಸುಬು.

ನಿನ್ನ ಅಣ್ಣ
ಬಸವಂತ್ರಾಯ

—

ಸುರಪುರ
ಪುಷ್ಯ ಬಹುಳ ಪಂಚಮಿ

ಅಣ್ಣಾ, ಇದನ್ನು ಟಪಾಲಿಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಹೊಟ್ಟೆ ಒಡೆದೀತು. ಬರೆದು ಒಲೆಗೆ ಹಾಕುತ್ತೇನೆ.

ಇವತ್ತು ತಾಲೀಮಿನಲ್ಲಿ ಚಕ್ರವರ್ತಿ ಅಳುವ ಭಾಗ ಬಂತು. ವಿಕ್ರಮಾದಿತ್ಯ ಇನ್ನೂ ಪಟ್ಟಕ್ಕೆ ಬಂದಿಲ್ಲ, ರಾಜಕುಮಾರ. ತೆಂಕಣದ ಯುದ್ಧ ಗೆದ್ದು ದಂಡಿನ ಜೊತೆ ಹೊರಳಿ ನಮ್ಮ ಕೃಷ್ಣೆಯ ದಂಡೆಗೆ ಬಂದಿದ್ದಾನೆ. ಅಲ್ಲಿಗೆ ಕಲ್ಯಾಣದ ಓಲೆಕಾರ ಓಡಿ ಬರುತ್ತಾನೆ. ತಂದೆ ಆಹವಮಲ್ಲನಿಗೆ ಜ್ವರ ಇಳಿಯಲಿಲ್ಲ, ದೇವರ ಹೆಸರು ಹೇಳುತ್ತ ತುಂಗಭದ್ರೆಯೊಳಗೆ ನಡೆದುಹೋದ ಎಂದು ಹೇಳುತ್ತಾನೆ. ರಾಜಕುಮಾರ ಕಿರೀಟ ಕೆಳಗಿಟ್ಟು ಅಳಬೇಕು. ದ್ಯಾವಪ್ಪ ಕಿರೀಟವನ್ನೇನೋ ಇಟ್ಟ. ಆಮೇಲೆ ಸುಮ್ಮನೆ ನಿಂತ.

“ಮಾಸ್ತರ, ಇದೊಂದು ನನ್ನ ಕೈಲೆ ಆಗೂದಿಲ್ರಿ. ಗರಡಿ ಮನ್ಯಾಗ ಬೆಳದಾಂವ ನಾ. ಕುಂತ ದೈವದ ಮುಂದ, ಅಷ್ಟು ಮಂದಿ ಮುಂದ, ಅತ್ತು ನಾಳಿ ಕಕ್ಕೇರಿಗಿ ಯಾವ ಮಾರಿ ತಗೊಂಡು ಹೋಗ್ಲಿ?” ಎಂದ. ಮಾಸ್ತರರು ಮೊದಲು ಬೇಡಿಕೊಂಡರು, ಆಮೇಲೆ ಸಿಟ್ಟಾದರು. “ಅಪ್ಪ ಸತ್ತ ಸುದ್ದಿಗಿ ಅಳಲಾರದವನ ಮಾತು ರಾಜ್ಯ ಯಾಕ ಕೇಳಬೇಕಪಾ?” ಎಂದರು. ದ್ಯಾವಪ್ಪ ಜಗಳಾಡಲಿಲ್ಲ. ಖಡ್ಗ ಕಳಚಿ ಅವರ ಕಾಲ ಬಳಿ ಇಟ್ಟು ಶರಣು ಮಾಡಿ ಹೊರಟುಹೋದ.

ಎಲ್ಲರ ಪಾತ್ರದ ಮಾತೂ ಬರುವುದು ಮೌನಪ್ಪನಿಗೊಬ್ಬನಿಗೇ. ಮಾಸ್ತರರು ಅವನನ್ನು ಕರೆದರು. ಅವನು ಬೆತ್ತ ಗೋಡೆಗೆ ಆನಿಸಿ ಬಂದು ನೆಲಕ್ಕೆ ಕೂತ. ಅಳು ತೆಗೆಯಲಿಲ್ಲ. ಓಲೆಕಾರನ ಕೈ ಹಿಡಿದು, “ನೀರಿಗಿ ಹೋಗೂ ಮುಂದ ಅಪ್ಪ ನನ್ನ ಕೇಳಿದ್ನೇನು?” ಎಂದು ಕೇಳಿದ. ಆ ಮಾತು ಮಾಸ್ತರರು ಹೇಳಿದ್ದಲ್ಲ, ನಾನು ಬರೆದದ್ದೂ ಅಲ್ಲ. ಓಲೆಕಾರನ ಪಾತ್ರದವನಿಗೆ ಉತ್ತರ ಗೊತ್ತಿಲ್ಲ, ಪಾಪ, ಬಾಯಿ ತೆರೆದು ನಿಂತ. ಆಗ ಮೌನಪ್ಪ ಅತ್ತ ಅಣ್ಣಾ. ಮಾಸ್ತರರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನನಗೆ ನೀನು ನೆನಪಾದೆ. ಅಪ್ಪ ಹೋದಾಗ ನೀನು ಯಾದಗಿರಿಯಿಂದ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಬಾಗಿಲಲ್ಲಿ ನಿಂತು ಎತ್ತುಗಳಿಗೆ ಮೇವು ಹಾಕಿದ್ದೀರೇನು ಎಂದು ಕೇಳಿದೆ. ಅಷ್ಟೇ. ಒಂದು ಹನಿ ಹಾಕಲಿಲ್ಲ.

ನನಗೆ ಮೌನಪ್ಪನೇ ಬೇಕು. ಅವನು ಬಿರುದು ಹೇಳಲು ಬಂದ ಮೊದಲ ದಿನದಿಂದ ಬೇಕು. ಅವನಿಗೂ ನಾನು ಬೇಕು, ಯಾಕೆಂದರೆ ನಾಲ್ಕು ಸಾಲು ಹೇಳಲು ಯಾರೂ ಷಹಾಪುರದಿಂದ ಸೈಕಲ್ ತುಳಿಯುವುದಿಲ್ಲ. ಇಬ್ಬರೂ ಒಂದು ಮಾತು ಆಡಿಲ್ಲ. ಹಾಳೆ ಕೊಡುತ್ತೇನೆ, ತೆಗೆದುಕೊಳ್ಳುತ್ತಾನೆ, ಅಷ್ಟೇ. ನಿನಗೆ ಬರೆದರೆ ನೀನು ನಾಳೆಯೇ ಕಕ್ಕೇರಿಗೆ ಹೋಗಿ ದ್ಯಾವಪ್ಪನ ಅಪ್ಪನ ಜೊತೆ ವೀಳ್ಯ ಬದಲಾಯಿಸಿ ಬರುತ್ತೀ, ನನಗೆ ಗೊತ್ತು.

ಒಲೆ ಉರಿಯುತ್ತಿದೆ. ಹಾಕುತ್ತೇನೆ.

—

ಸುರಪುರ
ಪುಷ್ಯ ಬಹುಳ ಷಷ್ಠಿ

ಬಸವಂತ್ರಾಯಣ್ಣನಿಗೆ ಸುಗಲಮ್ಮಳ ಶರಣು. ಹೆಣ್ಣುಕರು. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ, ಚಂದಲದೇವಿ ಎಂದು ಹೆಸರಿಟ್ಟಿದ್ದೇವೆ. ಚಂದಲದೇವಿ ಎಂದರೆ ವಿಕ್ರಮನನ್ನು ಸ್ವಯಂವರದಲ್ಲಿ ಆರಿಸಿ ಮಾಲೆ ಹಾಕಿದ ರಾಣಿ.

ಆಟಕ್ಕೆ ಇಜಾಜತ್ ಸಿಕ್ಕಿತು. ಮಾವ, ಮಾಸ್ತರ ಇಬ್ಬರೂ ಕಚೇರಿಗೆ ಹೋಗಿದ್ದರು. ಮಂದಿ ಕೂಡುವ ಯಾವ ಕೆಲಸಕ್ಕೂ ಈಗ ಅಪ್ಪಣೆ ಕೇಳಬೇಕಲ್ಲ. ಅಲ್ಲಿಯ ಸಾಹೇಬರು, ಈ ವಿಕ್ರಮಾದಿತ್ಯ ಯಾರು, ಯಾವ ಕಡೆಯವನು, ಈಗ ಎಲ್ಲಿದ್ದಾನೆ ಎಂದೆಲ್ಲ ಕೇಳಿದರಂತೆ. ಮಾಸ್ತರರು ಕೈ ಕಟ್ಟಿ, ಹುಜೂರ್, ಅವನು ಸತ್ತು ಎಂಟುನೂರು ವರ್ಷ ಆಯಿತು, ಈಗ ಯಾರ ಹತ್ತಿರವೂ ಕಂದಾಯ ಕೇಳುವುದಿಲ್ಲ ಎಂದರಂತೆ. ಸಾಹೇಬರು ನಕ್ಕು ಠಸೆ ಒತ್ತಿ, ತಮಗೂ ಮುಂದೆ ಒಂದು ಕುರ್ಚಿ ಹಾಕಿಸಲು ಹೇಳಿದರು.

ತಾಲೀಮು ಚೆನ್ನಾಗಿ ನಡೆದಿದೆ. ನಿನ್ನೆ ತಂದೆಯ ಸಾವಿನ ಸುದ್ದಿ ಬರುವ ಭಾಗ ಮಾಡಿದರು. ಚಕ್ರವರ್ತಿ ಅತ್ತದ್ದಕ್ಕೆ ಇಡೀ ಕೊಟ್ಟಿಗೆ ಅತ್ತಿತು. ನಾನೂ ಅತ್ತೆ. ನಮ್ಮ ಚಕ್ರವರ್ತಿ ಹೀಗೆ ಅಳುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಬೇರೆ ವಿಶೇಷ ಏನೂ ಇಲ್ಲ.

ಸುಗಲಮ್ಮ

—

ಯಾದಗಿರಿ
೨೦ ಇಸ್ಫಂದಾರ ೧೩೫೦ ಫಸಲಿ

ಚಿ. ಸುಗಲಮ್ಮಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿದೆ, ನಂಬಲಾಗಲಿಲ್ಲ. ದ್ಯಾವಪ್ಪ ಅತ್ತನೇ? ಗರಡಿಯಲ್ಲಿ ಅವನ ಹೆಗಲು ಜಾರಿದಾಗ ನಾನು ಎಳೆದು ಕೂಡಿಸಿದ್ದೆ, ಆಗ ಹಲ್ಲು ಕಚ್ಚಿ ಕೂತಿದ್ದ ಮನುಷ್ಯ ಅವನು. ಅವನೊಳಗೆ ಇಷ್ಟು ಕರುಳಿದೆ ಎಂದು ನನಗೇ ಗೊತ್ತಿರಲಿಲ್ಲ. ನೀನೂ ಅತ್ತೆ ಎಂದು ಬರೆದಿದ್ದೀ. ಗೋಡೆಯ ಮಾತು ಹೇಳಿದವಳು ನೀನೇ ಅಲ್ಲವೇನು? ಈಗ ತಿಳಿಯಿತಲ್ಲ. ನಿನ್ನ ಮನಸ್ಸು ಹೊರಳಿದ್ದು ನನಗೆ ಎಷ್ಟು ಖುಷಿ ಕೊಟ್ಟಿತೆಂದರೆ, ಊರಿನ ಹಮಾಲರಿಗೆಲ್ಲ ಚಹಾ ಕುಡಿಸಿದೆ. ಯಾಕೆ ಎಂದು ಕೇಳಿದರು, ಹೇಳಲಿಲ್ಲ.

ಈಗ ನಾನು ಮಾಡಿದ್ದು ಕೇಳು. ಬಜಾರಿನಲ್ಲಿ ಒಂದು ಜರಿ ರುಮಾಲು, ಒಂದು ಜೋಡಿ ಧೋತರ ತೆಗೆದುಕೊಂಡಿದ್ದೇನೆ. ನಮ್ಮ ಕಡೆ ಮೋಟಾರು ಓಡಿಸುವ ಖಾಜಾಹುಸೇನನ ಕೈಯಲ್ಲಿ ಗಂಟು ಕಳಿಸುತ್ತಿದ್ದೇನೆ. ಇದು ಆಹೇರು. ಆಟದ ಅಟ್ಟದ ಮೇಲೆ ವೇಷ ಹಾಕಿ ನಿಂತವನಿಗೆ ಬೀಗರು ಬಟ್ಟೆ ಏರಿಸಿ ಹೆಸರು ಕೂಗಿಸುವುದು ನಮ್ಮಲ್ಲಿ ನಡೆದು ಬಂದದ್ದು. ಮದುವೆಯಾಗದವನಿಗೆ ಹೆಣ್ಣಿನ ಮನೆಯವರು ಅಳಿಯ ಎಂದು ಕೂಗಿಸಿದರೆ ಅದೇ ನಿಶ್ಚಯ. ಕೂಡಿದ ದೈವದ ಮುಂದೆ, ಅಷ್ಟು ಮಂದಿಯ ಮುಂದೆ ಕೂಗಿದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ.

ಬೆಳಗಿನ ಜಾವ ಸ್ವಯಂವರದ ಹೊತ್ತಿಗೆ ಮಲ್ಕಪ್ಪಮಾವ ಎದ್ದು ನಿಲ್ಲಲಿ. ಈ ಸಾಲುಗಳನ್ನು ಅವನಿಗೆ ಓದಿ ಹೇಳು. ಅಟ್ಟದ ಮೇಲಿರುವಷ್ಟು ಹೊತ್ತು ಮನುಷ್ಯನಿಗೆ ಸ್ವಂತ ಹೆಸರು ಇಲ್ಲ, ಪಾತ್ರದ ಹೆಸರಿನಿಂದಲೇ ಕೂಗುವುದು ಪದ್ಧತಿ. ಹಾಗಾಗಿ, ಬಸವಂತ್ರಾಯನ ಮನೆಯಿಂದ ತ್ರಿಭುವನಮಲ್ಲ ಚಕ್ರವರ್ತಿಗೆ, ನಮ್ಮ ಅಳಿಯ ಎಂದು ತಿಳಿದು, ಜರಿ ರುಮಾಲು, ಧೋತರ. ಇಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

ದ್ಯಾವಪ್ಪನಿಗೆ ಮೊದಲೇ ಹೇಳಬೇಡ. ಅವನ ಮುಖ ಹೇಗಾಗುತ್ತದೆ ಎಂದು ನೋಡಿ ನನಗೆ ಬರೆ.

ನಿನ್ನ ಅಣ್ಣ
ಬಸವಂತ್ರಾಯ

—

ಸುರಪುರ
ಮಾಘ ಶುದ್ಧ ಪಂಚಮಿ

ಅಣ್ಣನಿಗೆ ಶರಣು.

ಗಂಟು ಮುಟ್ಟಿತು. ರುಮಾಲಿನ ಜರಿ ಬಹಳ ಚೆಲುವಾಗಿದೆ. ಅವ್ವ ಬಿಸಿಲಿಗೆ ಹಿಡಿದು ನೋಡಿ, ನನ್ನ ಮಗ ಆರಿಸುವುದರಲ್ಲಿ ಅವರಪ್ಪನ ಹಾಗೆ ಎಂದಳು.

ನಿನ್ನ ಪತ್ರದ ಆ ಸಾಲುಗಳನ್ನು ಮಾವನಿಗೆ ಓದಿ ಹೇಳಿದೆ. ಬಸವಂತ್ರಾಯನ ಮನೆಯಿಂದ ಎಂಬಲ್ಲಿಂದ ಧೋತರ ಎಂಬಲ್ಲಿಯವರೆಗೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಮಾವ ಕೇಳಿ ನನ್ನ ಮುಖ ನೋಡಿದ. “ಖರೇನ ಬಸವಂತ್ರಾಯ ಹಿಂಗ ಬರದಾನೇನು?” ಎಂದ. ಖರೇ ಮಾವ ಎಂದೆ. “ನಾ ಅವನ್ನ ಬಹಳ ಬಿಗಿ ಮನಷ್ಯಾ ಅಂತ ತಿಳಕೊಂಡಿದ್ದೆ” ಎಂದ. ದಿನಾ ಹೊಲಕ್ಕೆ ಹೋಗುವಾಗ ಆ ಸಾಲು ಎತ್ತುಗಳಿಗೆ ಕೂಗಿ ಕೂಗಿ ರೂಢಿ ಮಾಡುತ್ತಿದ್ದಾನೆ.

ಅಟ್ಟ ಕಟ್ಟಲು ಶುರು ಮಾಡಿದ್ದಾರೆ. ವರಾಹಧ್ವಜಕ್ಕೆ ಹಂದಿ ಬರೆ ಎಂದು ನನಗೇ ಹೇಳಿದರು. ಬರೆದೆ. ಅದು ನಮ್ಮ ಎಮ್ಮೆಯ ಹಾಗೆ ಬಂದಿದೆ. ದೂರದಿಂದ ಗೊತ್ತಾಗುವುದಿಲ್ಲ ಎಂದು ಮಾಸ್ತರರು ಸಮಾಧಾನ ಹೇಳಿದರು.

ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಉಣ್ಣಲೂ ಸೇರುತ್ತಿಲ್ಲ. ನೀನು ಬರುವುದಿಲ್ಲ ಅಲ್ಲವೇ? ಬರಲಾಗದಿದ್ದರೆ ಬೇಸರ ಮಾಡಿಕೊಳ್ಳಬೇಡ, ಎಲ್ಲ ವಿವರವಾಗಿ ಬರೆಯುತ್ತೇನೆ.

ಸುಗಲಮ್ಮ

—

ಸುರಪುರ
ಮಾಘ ಬಹುಳ ಪಾಡ್ಯ, ಮುಂಜಾನೆ

ಅಣ್ಣಾ,

ಶರಣು, ಕ್ಷೇಮ ಎಲ್ಲ ಆಮೇಲೆ. ಆಟ ಈಗ ಮುಗಿಯಿತು. ಕಿವಿಯಲ್ಲಿ ಮದ್ದಲೆ ಇನ್ನೂ ಬಡಿಯುತ್ತಿದೆ, ಅಕ್ಷರ ಸೊಟ್ಟ ಆದರೆ ಬೈಯಬೇಡ. ಬೈಯಲು ಬೇರೆ ಕಾರಣ ಇದೆ, ಅದಕ್ಕೆ ಇಟ್ಟುಕೋ.

ಮಂದಿ ಎಷ್ಟು ಕೂಡಿದ್ದರು ಎಂದರೆ ಗಿಡದ ಮೇಲೆ ಹಕ್ಕಿಗೆ ಜಾಗ ಇರಲಿಲ್ಲ. ಕಕ್ಕೇರಿ, ನಾರಾಯಣಪುರದಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು. ಕಚೇರಿ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಬಿರುದಾವಳಿ ಆಯಿತು, ಪರದೆ ಸರಿಯಿತು, ಚಕ್ರವರ್ತಿ ಬಂದ. ಅಣ್ಣಾ, ಚಕ್ರವರ್ತಿ ದ್ಯಾವಪ್ಪ ಅಲ್ಲ. ಅವನು ಅಳಲಾರೆ ಎಂದು ಪಾತ್ರ ಬಿಟ್ಟು ತಿಂಗಳಾಗುತ್ತ ಬಂತು. ಷಹಾಪುರದ ಮೌನಪ್ಪ ಆಡಿದ. ನಾನು ನಿನಗೆ ಸುಳ್ಳು ಬರೆದಿಲ್ಲ, ನಿಜವನ್ನೂ ಬರೆದಿಲ್ಲ. ಸಿಟ್ಟಾಗು. ಆದರೆ ಮುಂದಿನದನ್ನು ಓದಿ ಸಿಟ್ಟಾಗು.

ಕೃಷ್ಣೆಯ ದಂಡೆಯ ಭಾಗ ಬಂತು. ಓಲೆಕಾರನ ಕೈ ಹಿಡಿದು ಅವನು ತಂದೆಯ ಮಾತು ಕೇಳಿದಾಗ ದೈವವೆಲ್ಲ ಕಲ್ಲಾಗಿ ಕೂತಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಹೇಬರಿಗೆ ಕನ್ನಡ ಎಷ್ಟು ತಿಳಿಯುತ್ತದೋ ಏನೋ, ಅವರೂ ಕರವಸ್ತ್ರ ತೆಗೆದರು. ಹಿಂದೆ ಕತ್ತಲಲ್ಲಿ ಯಾರೋ ಕಂಬಳಿ ಹೊದ್ದ ಗಂಡಸು ಸಣ್ಣ ಕೂಸಿನ ಹಾಗೆ ಅತ್ತ, ಹೆಂಗಸರೆಲ್ಲ ಹೊರಳಿ ನೋಡಿದೆವು.

ಮೂಡಣ ಕೆಂಪಾಗುವ ಹೊತ್ತಿಗೆ ಸ್ವಯಂವರ. ಚಂದಲದೇವಿ ಒಬ್ಬೊಬ್ಬ ರಾಜನನ್ನು ದಾಟಿ ಬಂದು ವಿಕ್ರಮನಿಗೆ ಮಾಲೆ ಹಾಕಿದಳು. ಮಾವ ರುಮಾಲು ಹಿಡಿದು ಎದ್ದ. ಆಗ ಕತ್ತಲಿನಿಂದ ಯಾರೋ ಬಂದು ಅವನ ರಟ್ಟೆ ಹಿಡಿದು ಕಿವಿಯಲ್ಲಿ ಏನೋ ಹೇಳಿದರು. ಮಾವನ ಮುಖ ಬಿಳುಪೇರಿತು. ಇಷ್ಟು ದಿನ ಎತ್ತುಗಳಿಗೆ ಕೂಗಿದ ಸಾಲು ಮರೆತಂತೆ ನಿಂತ. ಆಮೇಲೆ ಕೂಗಿದ ನೋಡು:

“ಕುಂತ ದೈವಕ್ಕ ಶರಣು. ಬಸವಂತ್ರಾಯನ ಮನಿಯಿಂದ, ಷಹಾಪುರದ ಮೌನಪ್ಪಗ, ನಮ್ಮ ಅಳ್ಯಾ ಅಂತ ತಿಳದು, ಜರಿ ರುಮಾಲ, ಧೋತರ.”

ಪಾತ್ರದ ಹೆಸರು ಹೇಳಲಿಲ್ಲ ಅಣ್ಣಾ, ಮನುಷ್ಯನ ಹೆಸರು ಹೇಳಿದ. ಊರಿನಲ್ಲಿ ಹಿಂದೆಂದೂ ಹೀಗೆ ಆಗಿಲ್ಲವಂತೆ. ಮಂದಿ ಎದ್ದು ನಿಂತು ಸೀಟಿ ಹೊಡೆದರು. ಎಲ್ಲರಿಗಿಂತ ದೊಡ್ಡ ಸೀಟಿ ದ್ಯಾವಪ್ಪನದು. ಚಕ್ರವರ್ತಿ ಕಿರೀಟ ತೆಗೆದು ತಲೆ ಬಗ್ಗಿಸಿದ, ಮಾವ ರುಮಾಲು ಸುತ್ತಿದ.

ಮಾವನ ಕಿವಿಯಲ್ಲಿ ಹೇಳಿದವರು ಯಾರು ಎಂದು ಕೇಳಿದರೆ ಮಾವ ಹೇಳಲೊಲ್ಲ. ದೈವದ ಮುಂದೆ ನಡೆದುಹೋಯಿತು, ನಾನೇನು ಮಾಡಲಿ. ನಿನ್ನ ಸಾಲು, ನಿನ್ನ ರುಮಾಲು. ಈಗ ನೀನು ಏನು ಶಿಕ್ಷೆ ಕೊಟ್ಟರೂ ಸೈ.

ಸುಗಲಮ್ಮ

—

ಯಾದಗಿರಿ
೧೧ ಫರವರ್ದಿ ೧೩೫೦ ಫಸಲಿ

ಚಿ. ಸುಗಲಮ್ಮಳಿಗೆ ಅಣ್ಣನ ಆಶೀರ್ವಾದ.

ನಿನ್ನ ಪತ್ರ ಇನ್ನೂ ಬಂದಿಲ್ಲ. ನೀನು ಬರೆದಿರುತ್ತೀ, ನನಗೆ ಗೊತ್ತು. ಅದೂ ಇದೂ ಷಹಾಪುರದಲ್ಲಿ ಒಂದಕ್ಕೊಂದು ಎದುರಾಗಿ ಹೋಗಬಹುದು. ಅದು ಬರುವವರೆಗೆ ಕಾಯುವ ತಾಳ್ಮೆ ನನಗಿಲ್ಲ.

ನಾನು ಆಟಕ್ಕೆ ಬಂದಿದ್ದೆ. ಸೇಠ್‌ಗೆ ಚಳಿಜ್ವರ ಎಂದು ಹೇಳಿ ಖಾಜಾಹುಸೇನನ ಮೋಟಾರು ಹತ್ತಿದೆ. ಆಟ ನೋಡಲು ಬಂದ ಸೇಠನ ಬೀಗರು ಅಟ್ಟದ ಮುಂದೆಯೇ ಕೂತಿದ್ದರು, ಅದಕ್ಕೆ ಖಾಜಾಹುಸೇನನ ಕಂಬಳಿ ಮುಸುಕು ಹಾಕಿ ಹಿಂದೆ ನಿಂತೆ. ಮನೆಗೆ ಬರಲಿಲ್ಲ. ದ್ಯಾವಪ್ಪನ ಮುಖ ಹೇಗಾಗುತ್ತದೆ ಎಂದು ನಾನೇ ನೋಡಬೇಕಿತ್ತು.

ಪರದೆ ಸರಿದಾಗ ನನ್ನ ಮುಖ ಹೇಗಾಯಿತು ಎಂದು ಯಾರೂ ನೋಡಲಿಲ್ಲ, ಪುಣ್ಯ. ಮೊದಲು ಏನೋ ತಪ್ಪಾಗಿದೆ ಎಂದುಕೊಂಡೆ. ಆಮೇಲೆ ನಿನ್ನ ಪತ್ರಗಳು ಒಂದೊಂದೇ ನೆನಪಾದವು. ಚಕ್ರವರ್ತಿ ಅತ್ತ, ನಮ್ಮ ಚಕ್ರವರ್ತಿ ಹೀಗೆ ಅಳುತ್ತಾನೆ. ಎಲಾ ಇವಳ ಎಂದುಕೊಂಡೆ. ಅಲ್ಲೇ ಮಂದಿಯಲ್ಲಿ ದ್ಯಾವಪ್ಪ ಶೇಂಗಾ ತಿನ್ನುತ್ತ ಕೂತಿದ್ದ. ಹೋಗಿ ಕೊರಳಪಟ್ಟಿ ಹಿಡಿದೆ. ಅವನು ನನ್ನನ್ನು ನೋಡಿ ನಕ್ಕು ಶೇಂಗಾ ಕೊಟ್ಟ. “ನನಗ ಅಳಾಕ ಬರಲಿಲ್ಲ ಬಸಣ್ಣ, ಅಂವಗ ಬಂತು. ಸಿಂಹಾಸನ ಅಂವಂದ” ಎಂದ. ಮದುವೆಯ ಮಾತು ಕೇಳಿದೆ. ಅವನಿಗೆ ಹುಣಸಗಿಯಲ್ಲಿ ಹೆಣ್ಣು ಗೊತ್ತಾಗಿ ದೀಪಾವಳಿಗೇ ವೀಳ್ಯ ಆಗಿದೆಯಂತೆ. ನಾನು ಬೇಜಾರು ಮಾಡಿಕೊಂಡೇನೆಂದು ಹೇಳಿರಲಿಲ್ಲವಂತೆ. ಒಂದು ವರ್ಷದಿಂದ ನಾನು ಯಾರ ಮದುವೆ ಮಾಡುತ್ತಿದ್ದೆನೋ ದೇವರಿಗೇ ಗೊತ್ತು.

ಆದರೂ ಸಿಟ್ಟು ಇಳಿಯಲಿಲ್ಲ. ಮಾವನನ್ನು ಹುಡುಕಿ ರುಮಾಲು ಕಸಿದುಕೊಳ್ಳಬೇಕು ಎಂದೇ ಹೊರಟೆ. ಆಗ ಓಲೆಕಾರ ಬಂದ. ಆ ಹುಡುಗ ಅವನ ಕೈ ಹಿಡಿದು, ಅಪ್ಪ ನನ್ನ ಕೇಳಿದ್ನೇನು ಎಂದ.

ಸುಗಲಾ, ನಾನು ಆ ಮಾತನ್ನು ನಿಮ್ಮನ್ನು ಇವತ್ತಿನವರೆಗೆ ಕೇಳಿಲ್ಲ. ಬಾಗಿಲಿಗೆ ಬಂದಾಗ ಬಾಯಿಗೆ ಬಂದಿತ್ತು. ಇಲ್ಲ ಎಂದರೆ ಏನು ಮಾಡಲಿ ಎಂದು ಹೆದರಿ ಬೇರೆ ಏನೋ ಕೇಳಿದೆ. ಅಲ್ಲಿ ಕಂಬಳಿ ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ, ಎಲ್ಲರೂ ಹೊರಳಿ ನೋಡಿದರು. ದ್ಯಾವಪ್ಪ ನನ್ನ ಬೆನ್ನ ಮೇಲೆ ಕೈ ಇಟ್ಟು ಕೂತ.

ಬೆಳಗಾಗುವಾಗ ಮಾವನ ರಟ್ಟೆ ಹಿಡಿದವನು ನಾನೇ. ನನ್ನನ್ನು ನೋಡಿ ಮಾವ ಭೂತ ಕಂಡಂತೆ ಬೆದರಿದ. ಪಾತ್ರದ ಹೆಸರು ಬೇಡ, ಮೌನಪ್ಪ ಎಂದೇ ಕೂಗು ಎಂದು ನಾನೇ ಹೇಳಿದೆ. ಚಕ್ರವರ್ತಿ ಎಂದು ಕೂಗಿದ್ದರೆ ಅದು ನೀನು ನನ್ನನ್ನು ಏಮಾರಿಸಿದಂತೆ ಆಗುತ್ತಿತ್ತು. ನನಗೆ ಅದು ಬೇಡ. ತಿಳಿದೇ ಕೊಟ್ಟಿದ್ದೇನೆ, ಹೆಸರು ಹಿಡಿದು ಕೊಟ್ಟಿದ್ದೇನೆ.

ಮೋಟಾರಿನಲ್ಲಿ ಬರುವಾಗ ಸೂರ್ಯ ಹುಟ್ಟಿದ. ಆಗ ಹೊಳೆಯಿತು, ನಾನು ಈ ಸಲವೂ ನಿನ್ನನ್ನು ಕೇಳಲಿಲ್ಲ. ದ್ಯಾವಪ್ಪ ಬೇಡ ಎಂದೆ, ಅಷ್ಟು ಗೊತ್ತು. ಮೌನಪ್ಪ ಬೇಕು ಎಂದು ನೀನು ಎಲ್ಲೂ ಬರೆದಿಲ್ಲ. ನನ್ನ ಅಳುವಿನ ಭರಕ್ಕೆ ನಿನ್ನನ್ನು ಒಬ್ಬನಿಗೆ ಕೊಟ್ಟುಬಿಟ್ಟೆನೇನೋ. ಚಂದಲದೇವಿಯ ಕೈಯಲ್ಲಾದರೂ ಮಾಲೆ ಇತ್ತು.

ಕೂಗಿದ ಆಹೇರು ಹಿಂದಕ್ಕೆ ಬರುವುದಿಲ್ಲ ಎಂದು ನಾನೇ ಬರೆದಿದ್ದೆ. ನಿನಗೆ ಬೇಡ ಎಂದಿದ್ದರೆ ಬರುತ್ತದೆ. ನಾನೇ ಬಂದು ದೈವದ ಮುಂದೆ ಅಡ್ಡ ಬಿದ್ದು ತಪ್ಪಾಯಿತು ಎನ್ನುತ್ತೇನೆ, ಊರು ನನ್ನನ್ನು ಏನು ಬೇಕಾದರೂ ಅನ್ನಲಿ. ಬೇಕು ಎಂದಿದ್ದರೆ, ಈ ಪತ್ರ ಮುಟ್ಟಿದ ಕೂಡಲೇ ಒಂದು ಹಾಳೆಯ ಮೇಲೆ ಅವನ ಹೆಸರು ಬರೆದು ಕಳಿಸು. ಬೇರೇನೂ ಬರೆಯಬೇಡ. ನಿನ್ನ ಕೈಯಿಂದ ಆ ಹೆಸರು ಬಂದರೆ ನನಗೆ ಸಾಕು.

ಅಣ್ಣ

—

ಸುರಪುರ
ಮಾಘ ಬಹುಳ ಚತುರ್ಥಿ

ಅಣ್ಣನಿಗೆ ಶರಣು.

ಅಪ್ಪ ನಿನ್ನನ್ನು ಕೇಳಿದ್ದ. ಎರಡು ದಿನ ಕೇಳಿದ್ದ. ಬಾಗಿಲಲ್ಲಿ ಸಪ್ಪಳವಾದಾಗಲೆಲ್ಲ ಬಸವಂತ್ರಾಯ ಬಂದನೇನು ಎನ್ನುತ್ತಿದ್ದ. ನೀನು ಅಷ್ಟು ಗಟ್ಟಿಯಾಗಿ ನಿಂತಿದ್ದೆ, ಹೇಳಿದರೆ ಒಡೆದುಹೋದೀಯೆಂದು ಅವ್ವನೂ ನಾನೂ ಹೇಳಲಿಲ್ಲ. ನಿನ್ನ ಪತ್ರ ಓದಿ ಹೇಳಿದಾಗಿನಿಂದ ಅವ್ವ ಒಂದೇ ಸಮನೆ ಅಳುತ್ತಿದ್ದಾಳೆ, ನಡುನಡುವೆ ನಗುತ್ತಾಳೆ.

ಹೆಸರು ಬರೆದು ಕಳಿಸು ಎಂದಿದ್ದೀ. ಹಾಳೆ ಮುಂದಿಟ್ಟುಕೊಂಡು ಮುಂಜಾನೆಯಿಂದ ಕೂತೆ. ಮಸಿ ಒಣಗಿತು, ಮತ್ತೆ ಅದ್ದಿದೆ, ಮತ್ತೆ ಒಣಗಿತು. ಆಗುತ್ತಿಲ್ಲ ಅಣ್ಣಾ. ಇಷ್ಟು ದಿನ ನಿನಗೆ ಎಷ್ಟು ಸಲ ಬರೆದೆನೋ ಆ ಹೆಸರನ್ನು. ಆದರೆ ನೀನು ತಿಳಿದೇ ಕೊಟ್ಟೆ ಎಂದು ಓದಿದ ಗಳಿಗೆಯಿಂದ ಅದು ನನ್ನ ಬಾಯಲ್ಲಿ ಬರಬಾರದ ಹೆಸರು. ಯಾವ ಹೆಂಗಸು ತನ್ನ ಗಂಡನ ಹೆಸರು ಹಿಡಿದು ಬರೆಯುತ್ತಾಳೆ, ನೀನೇ ಹೇಳು.

ಕೇಳಲೇಬೇಕು ಎಂದಿದ್ದರೆ ಮದುವೆಯ ದಿನ ಹೊಸ್ತಿಲಲ್ಲಿ ನಿಂತು ಒಡಪಿನ ಪದ್ಯದಲ್ಲಿ ಹಾಕಿ ಹೇಳುತ್ತೇನೆ. ಸೇಠ್‌ಗೆ ಈಗಲೇ ಹೇಳಿ ರಜಾ ತೆಗೆದುಕೋ, ಈ ಸಲ ಕಂಬಳಿ ಹೊದ್ದು ಹಿಂದೆ ನಿಲ್ಲಬೇಡ.

ನಿನ್ನ ತಂಗಿ
ಸುಗಲಮ್ಮ